ನಾವು ಬರೀ ಏಜೆಂಟ್ ಮೇಡಂ

ಆಗಸ್ಟ್‌ನಿಂದ ನಮ್ಮ ಮಾಲು ಸಾಗಿಸಿದವರ ಬಾಯಲ್ಲಿ ಇದೇ ಮಾತು ಕೇಳಿ ಕೇಳಿ ತಲೆ ಕೆಟ್ಟು ಹೋಗಿದೆ. "ನಾವು ಬರೀ ಏಜೆಂಟ್ ಮೇಡಂ, ನಮ್ಮ ಕೈಲಿ ಏನೂ ಇಲ್ಲ." ಫೋನಿನಲ್ಲೂ ಅದೇ, ಮೇಲ್‌ನಲ್ಲೂ ಅದೇ, ವಾಟ್ಸಾಪ್‌ನಲ್ಲಾದರೆ ಕೈ ಮುಗಿಯೋ ಚಿತ್ರದ ಜೊತೆಗೆ ಅದೇ. ಇವತ್ತು ಇಲ್ಲಿ ಎಲ್ಲ ಕಕ್ಕಿಬಿಡುತ್ತೇನೆ. ಉದ್ದ ಆಗುತ್ತದೆ. ಬೇಜಾರಾದವರು ಮುಂದೆ ಹೋಗಿ.

ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಸಣ್ಣ ಅಡಿಕೆ ಹಾಳೆ ತಟ್ಟೆ ಘಟಕ. ಆರು ಪ್ರೆಸ್ಸು, ಹನ್ನೊಂದು ಹೆಂಗಸರು. ಬೇಸಿಗೆಯಲ್ಲಿ ತೋಟದಲ್ಲಿ ಬಿದ್ದ ಹಾಳೆ ಆರಿಸಿ ತಂದು, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಮಳೆ ಹಿಡಿಯೋ ಮುಂಚೆ ಪ್ಯಾಕ್ ಮಾಡಿ ಮುಗಿಸಬೇಕು. ಹಾಳೆಗೂ ತೇವಕ್ಕೂ ಆಗಿಬರುವುದಿಲ್ಲ. ಒಂದು ವಾರ ಥಂಡಿ ತಾಗಿದರೆ ಸಾಕು, ಬೂಷ್ಟು ಬಂತು ಅಂತಲೇ ಲೆಕ್ಕ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪಾಟಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಬರುವ ಊರು ನಮ್ಮದು.

ಈ ಸಲ ಜರ್ಮನಿಯ ಹಳೇ ಗಿರಾಕಿಯಿಂದ 140 ಬಾಕ್ಸಿನ ಆರ್ಡರ್ ಬಂತು. 30 ಪರ್ಸೆಂಟ್ ಅಡ್ವಾನ್ಸ್, ಉಳಿದದ್ದು ಮಾಲು ಕೈಗೆ ಸಿಕ್ಕಿ ನೋಡಿದ ಮೇಲೆ. ಪೂರ್ತಿ ಕಂಟೇನರ್ ತುಂಬುವಷ್ಟು ಮಾಲು ನಮ್ಮದಲ್ಲ. ಹಾಗಾಗಿ ಬೇರೆಯವರ ಮಾಲಿನ ಜೊತೆ ಸೇರಿಸಿ ಕಳಿಸುವ ಫಾರ್ವರ್ಡರ್ ಒಬ್ಬರನ್ನು ಹಿಡಿದೆವು. "ನಿಮ್ಮ ಶೆಡ್ಡಿನಿಂದ ಹ್ಯಾಂಬರ್ಗ್ ತನಕ ಎಲ್ಲ ನಾವೇ ನೋಡ್ಕೋತೀವಿ ಮೇಡಂ, ನೀವು ಆರಾಮಾಗಿರಿ" ಅಂದರು. ಲಾರಿ ಅವರದ್ದೇ, ಕಸ್ಟಮ್ಸ್ ಕ್ಲಿಯರಿಂಗ್ ಮಾಡಿಸೋರೂ ಅವರ ಕಡೆಯವರೇ, ಮಂಗಳೂರು ಬಂದರು ಇರುವ ಪಣಂಬೂರಿನ ಹತ್ತಿರದ ಗೋಡೌನ್ ಅವರು ಹೇಳಿದ್ದೇ, ಹಡಗೂ ಅವರು ಹೇಳಿದ್ದೇ. ನಾನು ದುಡ್ಡು ಕೊಡಬೇಕು, ಅಷ್ಟೇ. ಕೊಟ್ಟೆ.

ಜೂನ್ 6ಕ್ಕೆ ಲಾರಿ ಹೊರಟಿತು. ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿ ಬಿಡುವುದಿಲ್ಲ, ಹಾಗಾಗಿ ಹುಲಿಕಲ್ ಮೇಲೆ ಇಳಿದು ಹೋಗಬೇಕು. ಜಡಿಮಳೆ. ರಾತ್ರಿ ಒಂಬತ್ತಕ್ಕೆ ಡ್ರೈವರಣ್ಣ ತಾನಾಗಿಯೇ ಫೋನ್ ಮಾಡಿದ. "ಅಕ್ಕಾ, ಮಾಸ್ತಿಕಟ್ಟೆಲಿ ನಿಲ್ಸಿ ಇನ್ನೊಂದು ಟಾರ್ಪಾಲು ಹೊದೆಸಿದೀನಿ, ತಲೆಬಿಸಿ ಮಾಡ್ಕಬೇಡಿ." ಈ ಇಡೀ ಕಥೆಯಲ್ಲಿ ಕೇಳದೇ ಫೋನ್ ಮಾಡಿದ ಮನುಷ್ಯ ಅವನೊಬ್ಬನೇ. ಮಾರನೇ ದಿನ ಗೋಡೌನಿನಲ್ಲಿ ಮಾಲು ಇಳಿಸಿ ಒಂದು ಫೋಟೋನೂ ಕಳಿಸಿದ. ಬಾಕ್ಸುಗಳು ಒಣಗಿವೆ, ನಮ್ಮ ಸರೋಜಕ್ಕ ಕೆಂಪು ಮಾರ್ಕರಿನಲ್ಲಿ ಬರೆದ ನಂಬರು ಸ್ವಲ್ಪವೂ ಕದಡಿಲ್ಲ. ಆದರೆ ಬಾಕ್ಸು ಕೂತಿರೋದು ನೆಲದ ಮೇಲೆ. "ಪ್ಯಾಲೆಟ್ ಮೇಲೆ ಇಡಿ ಅಂದೆ ಅಕ್ಕಾ, ಇಲ್ಲಿ ಬಾಗಿಲ ಹತ್ರ ನೀರು ನಿಲ್ತದೆ. ಆಮೇಲೆ ಇಡ್ತೀವಿ ಅಂದ್ರು" ಅಂತ ಕೆಳಗೆ ಒಂದು ವಾಯ್ಸ್ ಮೆಸೇಜು. ನಾನು ತಕ್ಷಣ ಆ ಫೋಟೋನ ಫಾರ್ವರ್ಡರಿಗೆ ಕಳಿಸಿದೆ. "ನೋಟೆಡ್ ಮೇಡಂ" ಅಂತ ಬಂತು.

ನೋಟೆಡ್! ಎಲ್ಲಿ ನೋಟ್ ಮಾಡಿದರೋ ದೇವರಿಗೇ ಗೊತ್ತು.

ನಾಲ್ಕು ದಿನದಲ್ಲಿ ಹಡಗು ಹತ್ತಬೇಕಿದ್ದ ಮಾಲು ಆ ಗೋಡೌನಿನಲ್ಲಿ 19 ದಿನ ಕೂತಿತ್ತು. ಒಂದು ಹಡಗು ತಪ್ಪಿತಂತೆ, ಮುಂದಿನದರಲ್ಲಿ ಜಾಗ ಸಿಗಲಿಲ್ಲವಂತೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ನಾನು ಕೇಳಿದಾಗಲೆಲ್ಲ "ಇವತ್ತು ಸ್ಟಫಿಂಗ್", "ನಾಳೆ ಸ್ಟಫಿಂಗ್". ಸ್ಟಫಿಂಗ್ ಅಂದರೆ ಕಂಟೇನರಿಗೆ ಮಾಲು ತುಂಬೋದು. ಕೊನೆಗೆ ಹಡಗು ಹೊರಟಿತು, ಕೊಲಂಬೊದಲ್ಲಿ ಇನ್ನೊಂದು ಹಡಗಿಗೆ ಬದಲಾಯಿತು, ಆಗಸ್ಟ್ ಮೊದಲ ವಾರ ಮಾಲು ಗಿರಾಕಿಗೆ ಸಿಕ್ಕಿತು. ನಾಲ್ಕನೇ ದಿನ ಆತನಿಂದ ವಿಡಿಯೋ ಬಂತು.

ಆ ವಿಡಿಯೋನ ನಾನು ಎಷ್ಟು ಸಲ ನೋಡಿದ್ದೇನೋ. ಕೆಳಸಾಲಿನ 38 ಬಾಕ್ಸುಗಳ ಬುಡದಲ್ಲಿ ಕಂದು ಬಣ್ಣದ ಒಂದು ಗೆರೆ. ಎಲ್ಲ ಬಾಕ್ಸಿನಲ್ಲೂ ಒಂದೇ ಎತ್ತರಕ್ಕೆ, ಮೂರು ಬೆರಳಿನಷ್ಟು. ಹೊಳೆ ಇಳಿದ ಮೇಲೆ ಗೋಡೆ ಮೇಲೆ ಉಳಿಯುತ್ತದಲ್ಲ, ಅದೇ ಥರ. ಒಳಗೆ ತಟ್ಟೆಗಳ ಮೇಲೆ ಹಸಿರು ಬಿಳಿ ಬೂಷ್ಟು. ಊಟ ಮಾಡುವ ತಟ್ಟೆ ಸ್ವಾಮಿ ಅದು. ಗಿರಾಕಿ ಉಳಿದ 102 ಬಾಕ್ಸನ್ನೂ ಪಕ್ಕಕ್ಕಿಟ್ಟ, 70 ಪರ್ಸೆಂಟ್ ದುಡ್ಡು ತಡೆದ. ಹಡಗು ಹತ್ತುವ ತನಕ ಮಾಲಿನ ಹೊಣೆ ನನ್ನದು ಅಂತಲೇ ನಮ್ಮ ಒಪ್ಪಂದ ಇರೋದು. ಅವನನ್ನು ಬೈಯೋಕೂ ಆಗುವುದಿಲ್ಲ.

ಫಾರ್ವರ್ಡರಿಗೆ ಫೋನ್ ಮಾಡಿದರೆ ಮೊದಲ ಉತ್ತರ "ಕಂಟೇನರ್ ಬೆವರುತ್ತೆ ಮೇಡಂ, ಸಮುದ್ರದಲ್ಲಿ ಕಾಮನ್." ಹೌದು, ಕಂಟೇನರ್ ಬೆವರುತ್ತದೆ. ಬಿಸಿ ತಂಡಿ ಬದಲಾದಾಗ ಒಳಗಿನ ಚಾವಣಿಯಲ್ಲಿ ನೀರು ಕಟ್ಟಿ ಹನಿ ಬೀಳುತ್ತದೆ. ಹನಿ ಬೀಳೋದು ಮೇಲಿನಿಂದ ಅಲ್ವಾ? ಮೇಲಿನ ಬಾಕ್ಸು ಗರಿಗರಿಯಾಗಿದ್ದು ಬುಡದ ಬಾಕ್ಸು ಮಾತ್ರ ನೆಂದರೆ ಅದು ಯಾವ ಊರಿನ ಬೆವರು?

ಅದಕ್ಕೆ ಉತ್ತರ ಇಲ್ಲ. ಆಗ ಶುರುವಾಯಿತು ಏಜೆಂಟ್ ಪುರಾಣ. ಫಾರ್ವರ್ಡರ್ ಹೇಳಿದರು, ಗೋಡೌನಿನವರನ್ನು ಕೇಳಿ. ಗೋಡೌನಿನವರು, ನಮಗೆ ನೀವು ಯಾರೋ ಗೊತ್ತಿಲ್ಲ, ನಮಗೆ ಮಾಲು ಕೊಟ್ಟಿದ್ದು ಫಾರ್ವರ್ಡರ್. ಹಡಗಿನ ಕಂಪನಿಗೆ ಬರೆದೆ. ಅಲ್ಲಿನ ಹುಡುಗಿ ಪಾಪ ಮರ್ಯಾದೆಯಿಂದಲೇ ಹೇಳಿದಳು, "ನಮ್ಮ ಬಿಲ್ ಆಫ್ ಲೇಡಿಂಗ್‌ನಲ್ಲಿ ನಿಮ್ಮ ಹೆಸರೇ ಇಲ್ಲ ಮೇಡಂ."

ನಿಜ, ಇರಲಿಲ್ಲ. ಇದು ನನಗೆ ಗೊತ್ತಾಗಿದ್ದೇ ಅವತ್ತು. ಬಿಲ್ ಆಫ್ ಲೇಡಿಂಗ್ ಅಂದರೆ ಮಾಲು ಸಾಗಿಸಲು ವಹಿಸಿಕೊಂಡೆವು ಅಂತ ಬರೆದುಕೊಡುವ ಪತ್ರ. ಹೀಗೆ ಸೇರಿಸಿ ಕಳಿಸುವ ಮಾಲಿಗೆ ಅಂಥ ಎರಡು ಬಿಲ್ ಇರುತ್ತವೆ. ಹಡಗಿನ ಕಂಪನಿ ಕೊಡೋದು ಮಾಸ್ಟರ್ ಬಿಲ್. ಅದರಲ್ಲಿ ಮಾಲು ಕಳಿಸಿದವರು ಅಂತ ಇರೋದು ಫಾರ್ವರ್ಡರ್ ಹೆಸರು, ತಗೊಳ್ಳುವವರು ಅಂತ ಇರೋದು ಆ ಊರಿನ ಅವರದೇ ಕಡೆಯವರ ಹೆಸರು. ನನ್ನ ಕೈಗೆ ಬರೋದು ಫಾರ್ವರ್ಡರ್ ತನ್ನ ಲೆಟರ್‌ಹೆಡ್ಡಿನಲ್ಲಿ ಹೊಡೆದ ಹೌಸ್ ಬಿಲ್. ಅಂದರೆ ಹಡಗಿನವರ ಲೆಕ್ಕದಲ್ಲಿ ಗಿರಾಕಿ ಫಾರ್ವರ್ಡರ್. ನನಗೆ ಸಿಗೋದು ಫಾರ್ವರ್ಡರ್ ಒಬ್ಬರೇ. ಅವರು ಏಜೆಂಟ್ ಅಂದರೆ ಯಾರ ಏಜೆಂಟ್? ಯಾರ ಪರವಾಗಿ?

ಆ ಹೌಸ್ ಬಿಲ್ಲನ್ನು ಅವತ್ತು ರಾತ್ರಿ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮೇಲೆ ಅವರದೇ ದೊಡ್ಡ ಲೋಗೋ. ಕೆಳಗೆ ಸಹಿಯ ಹತ್ತಿರ "ಕ್ಯಾರಿಯರ್ ಪರವಾಗಿ ಏಜೆಂಟ್" ಅಂತ ಸೀಲು. ಕ್ಯಾರಿಯರ್, ಅಂದರೆ ಮಾಲು ಸಾಗಿಸುವವರು, ಯಾರು ಅಂತ ಇಡೀ ಹಾಳೆಯಲ್ಲಿ ಎಲ್ಲೂ ಬರೆದಿಲ್ಲ. ಇನ್ನೊಂದು ಕಡೆ "ಲೋಡ್ ಮಾಡಿದ್ದು, ಎಣಿಸಿದ್ದು ಎಲ್ಲ ಮಾಲು ಕಳಿಸಿದವರೇ" ಅಂತ ಅಚ್ಚಾಗಿದೆ. ಕಂಟೇನರ್ ತುಂಬಿದ್ದು ಅವರ ಜನ, ಅವರ ಗೋಡೌನಿನಲ್ಲಿ. ನಾನು ಆ ಕಂಟೇನರಿನ ಮುಖವನ್ನೇ ನೋಡಿಲ್ಲ! ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತುಗಳು, ತಕರಾರು ಇದ್ದರೆ ಮುಂಬೈ ಕೋರ್ಟ್. ತೀರ್ಥಹಳ್ಳಿಯಿಂದ ಮುಂಬೈ.

ಆದರೆ ಅದೇ ಹಾಳೆಯ ಮೂಲೆಯಲ್ಲಿ ಒಂದು ನಂಬರಿತ್ತು. ಎಂಟಿಓ ರಿಜಿಸ್ಟ್ರೇಷನ್ ಅಂತ. ಶಿವಮೊಗ್ಗದ ನಮ್ಮ ವಕೀಲರು ಅದನ್ನು ನೋಡಿದ್ದೇ ನಕ್ಕುಬಿಟ್ಟರು. ಎಂಟಿಓ ಅಂದರೆ ಮಲ್ಟಿಮೋಡಲ್ ಟ್ರಾನ್ಸ್‌ಪೋರ್ಟ್ ಆಪರೇಟರ್. ಲಾರಿ ಮತ್ತು ಹಡಗು, ಹೀಗೆ ಎರಡು ಥರದ ಸಾಗಾಣಿಕೆಯನ್ನು ಒಂದೇ ಒಪ್ಪಂದದಲ್ಲಿ ವಹಿಸಿಕೊಂಡು ಮಾಲನ್ನು ದೇಶದ ಹೊರಗೆ ಮುಟ್ಟಿಸುವವರು. ಇದಕ್ಕೆ 1993ರ ಕಾಯ್ದೆ ಇದೆ, ನೋಂದಣಿ ಆಗಲೇಬೇಕು. ಆ ಕಾಯ್ದೆ ಎಂಟಿಓ ಯಾರು ಅಂತ ಹೇಳುವ ಕಡೆಯೇ ಸ್ಪಷ್ಟವಾಗಿ ಬರೆದಿದೆ: ಆತ ನಡೆದುಕೊಳ್ಳೋದು ಮುಖ್ಯಸ್ಥನಾಗಿ (ಇಂಗ್ಲಿಷಿನಲ್ಲಿ ಪ್ರಿನ್ಸಿಪಾಲ್, ಅಂದರೆ ಏಜೆಂಟ್ ಇಟ್ಟುಕೊಳ್ಳುವ ಅಸಲು ಹೊಣೆಗಾರ), ಮಾಲು ಕಳಿಸುವವರ ಏಜೆಂಟನಾಗಿಯೂ ಅಲ್ಲ, ಸಾಗಿಸುವವರ ಏಜೆಂಟನಾಗಿಯೂ ಅಲ್ಲ. ಮಾಲನ್ನು ವಹಿಸಿಕೊಂಡ ಗಳಿಗೆಯಿಂದ ಕೊಟ್ಟು ಮುಗಿಸುವ ತನಕ ಹೊಣೆ ಆತನದು. ಒಂದೇ ಹಾಳೆಯ ಒಂದು ಮೂಲೆಯಲ್ಲಿ "ನಾನೇ ಮುಖ್ಯಸ್ಥ", ಇನ್ನೊಂದು ಮೂಲೆಯಲ್ಲಿ "ನಾನು ಬರೀ ಏಜೆಂಟ್". ಎಂಥ ಮಾರಾಯ್ರೆ ಇದು!

ಬಿಲ್ಲು ಕ್ಲೀನ್ ಬಿಲ್ಲು ಬೇರೆ. ಅಂದರೆ ಮಾಲು ತಗೊಂಡಾಗ ಹೊರನೋಟಕ್ಕೆ ಚೆನ್ನಾಗಿತ್ತು, ಡ್ಯಾಮೇಜ್ ಇರಲಿಲ್ಲ ಅಂತ ಅವರೇ ಬರೆದುಕೊಟ್ಟ ಹಾಗೆ. ಬುಡ ನೆಂದ ಬಾಕ್ಸಿಗೆ ಕ್ಲೀನ್ ಬಿಲ್ ಕೊಟ್ಟಿದ್ದರೆ ಅದು ಒಂದು ತಪ್ಪು. ಕೊಟ್ಟ ಮೇಲೆ ನೆನೆಸಿದ್ದರೆ ಇನ್ನೊಂದು ತಪ್ಪು. ಯಾವುದು ಬೇಕೋ ಅವರೇ ಆರಿಸಿಕೊಳ್ಳಲಿ.

ಪರಿಹಾರಕ್ಕೆ ಮಿತಿ ಇದೆ, ಅದೂ ಗೊತ್ತಾಯಿತು. ಮಾಲಿನ ಬೆಲೆಯನ್ನು ಮೊದಲೇ ಬರೆಸದಿದ್ದರೆ ಒಂದು ಪೆಟ್ಟಿಗೆಗೆ 666.67 ಎಸ್‌ಡಿಆರ್, ಇಲ್ಲವೇ ಕಿಲೋಗೆ 2 ಎಸ್‌ಡಿಆರ್, ಯಾವುದು ಜಾಸ್ತಿಯೋ ಅದು. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಲೆಕ್ಕದ ಹಣ. ನಮ್ಮ ರೂಪಾಯಿಗೆ ತಂದರೆ ಒಂದು ಪೆಟ್ಟಿಗೆಗೆ ಐವತ್ತು ಸಾವಿರ ದಾಟುತ್ತದೆ. ನನ್ನ ಒಂದು ಬಾಕ್ಸು ತಟ್ಟೆಗೆ ಅಷ್ಟು ಬೆಲೆ ಎಲ್ಲಿಂದ ಬರಬೇಕು! ಮಿತಿ ನನಗೆ ಅಡ್ಡ ಬರೋದೇ ಇಲ್ಲ. ಆದರೂ ಇವತ್ತಿನ ತನಕ ಒಂದು ರೂಪಾಯಿ ಇಲ್ಲ.

ಅಪ್ಪಯ್ಯನಿಗೆ ಇದೆಲ್ಲ ಹೇಳಿದೆ. ಅವರದು ಶಿವಮೊಗ್ಗ ಮಂಡಿಗೆ ನಲವತ್ತು ವರ್ಷ ಅಡಿಕೆ ಹಾಕಿದ ಜೀವ. ದಲ್ಲಾಳಿ ಅಂದರೆ ಎಲ್ಲರೂ ಮೂಗು ಮುರಿಯುತ್ತಾರೆ, ಅಪ್ಪಯ್ಯನೂ ಬೈದಿದ್ದು ಕಮ್ಮಿಯೇನಲ್ಲ. ಆದರೆ ಮಂಡಿಯಿಂದ ಪಟ್ಟಿ ಬರುತ್ತಿತ್ತು. ಇಷ್ಟು ಚೀಲ, ಇಷ್ಟು ತೂಕ, ಇಂಥ ರೇಟು, ಕಮಿಷನ್ ಇಷ್ಟು, ಹಮಾಲಿ ಇಷ್ಟು. ಲೆಕ್ಕ ತಪ್ಪಿದರೆ ಅಪ್ಪಯ್ಯ ಬೆಳಗಿನ ಬಸ್ಸು ಹತ್ತಿ ಹೋಗಿ ಸಾಹುಕಾರರ ಗಾದಿ ಎದುರು ಕೂರುತ್ತಿದ್ದರು. ಅವರು ಕಾಫಿ ತರಿಸುತ್ತಿದ್ದರು, ಇವರು ಕುಡಿಯುತ್ತಿರಲಿಲ್ಲ. ಮಧ್ಯಾಹ್ನದೊಳಗೆ ಲೆಕ್ಕ ಸರಿ ಆಗುತ್ತಿತ್ತು. ನನ್ನ ಕಥೆ ಕೇಳಿ ಅಪ್ಪಯ್ಯ ಕೇಳಿದ್ದು ಒಂದೇ ಮಾತು. "ಅವನ ಮಂಡಿ ಎಲ್ಲಿದೆ ಮಗಾ? ಹೋಗಿ ಕೂರಾಣ." ಬೆಂಗಳೂರಿನ ಯಾವುದೋ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಗಾಜಿನ ಕ್ಯಾಬಿನ್ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ.

ನನಗೆ ಉರಿಯೋದು ಇಲ್ಲೇ. ನಿಜವಾಗಿ ಏಜೆಂಟ್ ಆಗಿದ್ದರೆ ಹಡಗಿನವರ ಅಸಲು ಬಿಲ್ ತೋರಿಸಿ, ನಿಮ್ಮ ಕಮಿಷನ್ ತಗೊಳ್ಳಿ. ಕೇಳಿದಾಗ ಲೆಕ್ಕ ಒಪ್ಪಿಸೋದು ಏಜೆಂಟನ ಕರ್ತವ್ಯ ಅಂತ 1872ರ ಕರಾರು ಕಾಯ್ದೆಯ 213ನೇ ಕಲಂ ಹೇಳುತ್ತದೆ. ಉಡಾಫೆ ಮಾಡಿ ನಷ್ಟ ಮಾಡಿದರೆ ಏಜೆಂಟನೂ ತುಂಬಿಕೊಡಬೇಕು ಅಂತ 212 ಹೇಳುತ್ತದೆ. ನಾನು ಕೇಳಿದೆ, ಹಡಗಿನವರಿಗೆ ನೀವು ಎಷ್ಟು ಕೊಟ್ಟಿರಿ? "ಅದು ನಮ್ಮ ಬಿಸಿನೆಸ್ ರೇಟ್ ಮೇಡಂ, ಶೇರ್ ಮಾಡೋಕಾಗಲ್ಲ." ಓಹೋ! ಲಾಭ ಇಟ್ಟುಕೊಳ್ಳುವಾಗ ನಿಮ್ಮ ಬಿಸಿನೆಸ್ಸು. ಹಾಗಾದರೆ ನೆಂದ ಬಾಕ್ಸೂ ನಿಮ್ಮ ಬಿಸಿನೆಸ್ಸೇ ತಾನೇ?

ಕ್ಲಿಯರಿಂಗ್ ಮಾಡಿಸಿದವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರಿಗಾದರೂ ಕಸ್ಟಮ್ಸ್ ಲೈಸೆನ್ಸ್ ಇದೆ, 2018ರ ನಿಯಮ ಇದೆ, ಎಡವಟ್ಟು ಮಾಡಿದರೆ ಲೈಸೆನ್ಸ್ ಹೋಗುವ ಹೆದರಿಕೆ ಇದೆ. ಬಿಲ್ಲಿನಲ್ಲಿ "ಇತರೆ ಖರ್ಚು" ಅಂತ ಒಂದು ಸಾಲು ಇತ್ತು. ರಸೀದಿ ಕೇಳಿದೆ, ಮಾರನೇ ದಿನ ಆ ಸಾಲೇ ಮಾಯ. ಅಷ್ಟೇ.

ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಇನ್ಶೂರೆನ್ಸ್ ಮಾಡಿಸಲಿಲ್ಲ. "ಎಲ್ಲ ಸೇರಿ ಇಷ್ಟು" ಅಂದಾಗ ಅದರಲ್ಲಿ ವಿಮೆಯೂ ಸೇರಿದೆ ಅಂದುಕೊಂಡೆ. ಬಿಲ್ಲಿನ ಹಿಂಬದಿ ಓದಲಿಲ್ಲ. ಫೋಟೋ ಕಳಿಸಿ "ನೋಟೆಡ್" ಅಂತ ಬಂದಾಗ ಸುಮ್ನೆ ಕೂತೆ, ಹೋಗಿ ನೋಡಲಿಲ್ಲ. ಪಣಂಬೂರೇನು ಹ್ಯಾಂಬರ್ಗಿನಷ್ಟು ದೂರವಾ?

ಕಾನೂನು ಇಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಬಿಲ್ ಆಫ್ ಲೇಡಿಂಗ್ ಕಾಯ್ದೆ 1856ರದ್ದು, ಸಮುದ್ರ ಸಾಗಾಣಿಕೆಯದ್ದು 1925ರದ್ದು. ಎರಡಕ್ಕೂ ಬದಲಾಗಿ ಸಂಸತ್ತು 2025ರಲ್ಲಿ ಹೊಸ ಕಾಯ್ದೆ ಮಾಡಿತು. ಕಾಯ್ದೆ ಹಳೇದಾದರೂ ಹೊಸದಾದರೂ ಇವರ ಬಾಯಲ್ಲಿ ಬರೋದು ಅದೇ ಒಂದು ಮಾತು.

ಗಿರಾಕಿ ಪುಣ್ಯಾತ್ಮ, ಮಾಲು ಸಿಕ್ಕ ನಾಲ್ಕನೇ ದಿನವೇ ಬರಹದಲ್ಲಿ ದೂರು ಕಳಿಸಿದ್ದ. ಹೊರಗೆ ಕಾಣದ ಡ್ಯಾಮೇಜಿಗೆ ಆ 1993ರ ಕಾಯ್ದೆಯಲ್ಲಿ ಆರು ದಿನದ ಗಡುವಂತೆ, ಅದರೊಳಗೇ ಆಯಿತು. ಕೇಸು ಹಾಕೋಕೆ ಒಂಬತ್ತು ತಿಂಗಳು. ಮೇ ತಿಂಗಳಿಗೆ ಮುಗಿಯುತ್ತದೆ. ಇವರು ಎಳೆದಾಡುತ್ತಿರೋದು ಅದಕ್ಕೇ ಅಂತ ವಕೀಲರ ಮಾತು. "ನೋಡ್ತೀವಿ", "ಪ್ರಿನ್ಸಿಪಾಲ್‌ಗೆ ಕಳಿಸಿದೀವಿ", "ಸರ್ ಲೀವಲ್ಲಿದಾರೆ". ಒಂಬತ್ತು ತಿಂಗಳು ಕಳೆಯೋಕೆ ಇನ್ನೇನು ಬೇಕು.

ಅದಕ್ಕೆ ಹೋದ ತಿಂಗಳು ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಹಾಕಿದೆವು. ಅದನ್ನೇ ಫೋಟೋ ತೆಗೆದು ಅವರ ವಾಟ್ಸಾಪ್‌ಗೂ ಕಳಿಸಿದೆ. ಅದರಲ್ಲಿ ಕೇಳಿರೋದು ಒಂದೇ ಪ್ರಶ್ನೆ. ನೀವು ಏಜೆಂಟ್ ಅಂತೀರಲ್ಲ, ನಿಮ್ಮ ಮುಖ್ಯಸ್ಥರ ಹೆಸರೇನು, ವಿಳಾಸ ಏನು? ಹೆಸರು ಹೇಳದ ಏಜೆಂಟ್ ಆ ಕರಾರಿಗೆ ತಾನೇ ಹೊಣೆ ಅಂತ ಕಾನೂನು ಊಹಿಸಿಕೊಳ್ಳುತ್ತದೆ, ಅದೇ ಕರಾರು ಕಾಯ್ದೆಯ 230ನೇ ಕಲಂ.

ಹದಿನೇಳು ದಿನ ಆಯಿತು. ನೀಲಿ ಟಿಕ್ ಬಿದ್ದಿದೆ. ಉತ್ತರ ಇಲ್ಲ. ಇವತ್ತು ಬೆಳಿಗ್ಗೆ ಅದೇ ನಂಬರಿನಿಂದ ಒಂದು ಮೆಸೇಜ್ ಬಂತು, ಯೂರೋಪಿಗೆ ಹೊಸ ರೇಟು ಬಂದಿದೆಯಂತೆ, ಬುಕಿಂಗ್ ಇದೆಯಾ ಮೇಡಂ ಅಂತ.