ಏಳು ತಿಂಗಳ ಖಡಕ್ ರೊಟ್ಟಿ

ಹರಾಜಿನ ನೋಟಿಸ್ ಮನೆಗೆ ಬಂದಾಗ ನಾನು ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯಲ್ಲಿದ್ದೆ. ಸಹಿ ಮಾಡಿ ತಗೊಂಡವಳು ನನ್ನ ಹೆಂಡತಿ. ಅವಳ ತವರಿನವರು ಹಾಕಿದ್ದ ನಾಲ್ಕು ತೊಲೆ ಪಾಟ್ಲಿ, ಅಂದರೆ ಬಂಗಾರದ ಬಳೆ, ಗಿರವಿಗೆ ಹೋಗಿ ಒಂದು ವರ್ಷದ ಮೇಲಾಗಿತ್ತು. ಅವಳಿಗೆ ಗೊತ್ತೇ ಇರಲಿಲ್ಲ.

ಆ ದುಡ್ಡಲ್ಲಿ ಗೆಳೆಯನ ಜೊತೆ ತೊಗರಿ ಹಿಡಿದಿಟ್ಟಿದ್ದೆ. ಜನವರಿಯಲ್ಲಿ ಮಾಲು ಜಾಸ್ತಿ, ದರ ಕಡಿಮೆ. ಮಳೆಗಾಲದ ಹೊತ್ತಿಗೆ ಮಾರಿದರೆ ಲಾಭ ಅಂತ ಲೆಕ್ಕ. 2019ರಲ್ಲೇ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಸರ್ಕಾರಿ ಮಾನ್ಯತೆ, ಸಿಕ್ಕ ತೊಗರಿ ನಮ್ಮ ಕಲಬುರಗಿದು, ದರ ಎಲ್ಲಿ ಬೀಳುತ್ತದೆ ಅಂತ ಜಂಬ ಬೇರೆ ಕೊಚ್ಚಿದ್ದೆ. ಬಿತ್ತು.

ಅವಳು ಕೇಳಿದ್ದು ಒಂದೇ. "ಬಂಗಾರ ಹೋದ್ರ ಹೋಗ್ಲಿ. ದೀಪಾವಳಿಗಿ ಕೇಳಿದಾಗ ಲಾಕರ್‌ನಾಗ ಅವ ಅಂದ್ರಲ್ಲ, ನನ್ನ ಮುಖ ನೋಡಿ ಹೆಂಗ ಅಂದ್ರಿ?"

ಆ ವಾರ ಇಪ್ಪತ್ತು ಸಲವಾದರೂ ತಪ್ಪಾಯ್ತು ಅಂದಿರಬೇಕು. ಈಗ ಯೋಚಿಸಿದರೆ ಅದು ನನಗೆ ನಿದ್ದೆ ಬರಲಿ ಅಂತ ಕೇಳಿದ ಕ್ಷಮೆ. ಸೀರೆ ತಂದೆ. ಕವರ್ ಬಿಚ್ಚದೆ, "ಇದಕ್ಕ ಏನ್ ಗಿರವಿ ಇಟ್ರಿ?" ಅಂದಳು. ಊರಿಂದ ಕಾಕಾ ಬಂದು, "ಮನಿ ಬಂಗಾರ ಮನಿಗೇ ಬಳಸ್ಯಾನ, ಬಿಡವ್ವ" ಅಂದರು. ನಾನೂ ಸುಮ್ನೆ ತಲೆಯಾಡಿಸಿದೆ. ಅದು ಎರಡನೇ ತಪ್ಪು. ತವರಿನವರು ಹೆಣ್ಣಿಗೆ ಹಾಕಿದ ಇಂಥ ಒಡವೆ ಸ್ತ್ರೀಧನ, ಅದು ಗಂಡ ಹೆಂಡತಿಯ ಜಂಟಿ ಆಸ್ತಿ ಅಲ್ಲ, ಕಷ್ಟಕ್ಕೆ ಬಳಸಿದರೂ ಗಂಡ ವಾಪಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ನನ್ನದು ಕಷ್ಟವೂ ಅಲ್ಲ, ದುರಾಸೆ. ರಾಜಿ ಮಾಡಿಸೋ ಹಿರಿಯರು ಮೊದಲು ಗಂಡನ್ನ ಕೂರಿಸಿ ಕೇಳಬೇಕು, ಅಲ್ವಾ? ನಮ್ಮಲ್ಲಿ ಹೆಂಡತಿಗೇ ಬುದ್ಧಿ ಹೇಳುತ್ತಾರೆ.

ಅವತ್ತಿಂದ ಮಕ್ಕಳಿಗೆ ಹಂಚಿನ ಮೇಲಿನ ಬಿಸಿ ರೊಟ್ಟಿ, ನನಗೆ ಬುಟ್ಟಿಯ ಖಡಕ್ ರೊಟ್ಟಿ, ಪಕ್ಕಕ್ಕೆ ಶೇಂಗಾ ಹಿಂಡಿ. ಮಾತಿಲ್ಲ. ನಾನು ಕಟಕಟ ಮುರಿಯುವಾಗ ಸಣ್ಣ ಮಗಳು ನಗುತ್ತಿದ್ದಳು. ಏಳು ತಿಂಗಳು ತಿಂದೆ.

"ಇನ್ನೂ ಎಷ್ಟು ದಿನ ಸಿಟ್ಟು?" ಅಂತ ಕೇಳೋದನ್ನು ನಿಲ್ಲಿಸಿದ್ದೇ ನಾನು ಮಾಡಿದ ಮೊದಲ ಒಳ್ಳೆ ಕೆಲಸ. ಬಡ್ಡಿ ಕಟ್ಟಿ ಹರಾಜು ತಪ್ಪಿಸಿದೆ. ಅಸಲು ತಿಂಗಳ ತಿಂಗಳ ತುಂಬಿದೆ. ಪ್ರತಿ ಶನಿವಾರ ರಾತ್ರಿ ಪಾಸ್‌ಬುಕ್, ರಸೀದಿ ಅವಳ ಮುಂದಿಡುತ್ತಿದ್ದೆ. ಎರಡು ತಿಂಗಳು ತಿರುಗಿಯೂ ನೋಡಲಿಲ್ಲ. ಒಂದು ತಿಂಗಳು ದುಡ್ಡು ಹೊಂದಲಿಲ್ಲ, ಕಂತು ತಪ್ಪಿತು. ಮುಂಚಿನ ಹಾಗಾಗಿದ್ದರೆ ಮುಚ್ಚಿಡುತ್ತಿದ್ದೆ. ಅವತ್ತು ಚಪ್ಪಲಿ ಬಿಡೋಕೆ ಮುಂಚೆನೇ ಹೇಳಿದೆ. ಚೆನ್ನಾಗಿ ಬೈದಳು. ಬೈದಾದ ಮೇಲೆ ಮಗಳ ಕಂಪಾಸಿನಿಂದ ಪೆನ್ನು ತೆಗೆದು ರಸೀದಿಯ ಹಿಂದೆ ಲೆಕ್ಕ ಹಾಕಲು ಕೂತಳು.

ಪಾಟ್ಲಿ ಬಿಡಿಸಿ ತಂದ ದಿನ ಸರಾಫ್ ಬಜಾರಿಗೆ ಹೋಗಿ ತೂಕ ಮಾಡಿಸಿದಳು. ನಾನು ಅಂಗಡಿ ಹೊರಗೆ ನಿಂತಿದ್ದೆ. ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಜಾಗದಲ್ಲಿ ನಾನಿದ್ದರೂ ತೂಗಿಸುತ್ತಿದ್ದೆ. ರಾತ್ರಿ ತಟ್ಟೆಗೆ ಬಿಸಿ ರೊಟ್ಟಿ ಬಿತ್ತು. ಅಲಮಾರಿ ಚಾವಿ ಮಾತ್ರ ಈಗಲೂ ಅವಳ ಸೊಂಟದಲ್ಲೇ ಇರುತ್ತದೆ. ನಾನು ಕೇಳಿಲ್ಲ.