ಚಿತ್ರದ ಮೂಲೆಯಲ್ಲಿದ್ದ ಅಕ್ಕ

ತಂಗಿಯ ಆರು ವರ್ಷದ ಮಗನಿಗೆ ಮೊನ್ನೆ ರಾತ್ರಿ ಚಿತ್ರಕಥೆಯೊಂದನ್ನು ಓದಿ ಹೇಳುತ್ತಿದ್ದೆ. ಅಮ್ಮನಿಗೆ ಜ್ವರ ಬರುತ್ತದೆ. ಅಪ್ಪ ಅಡುಗೆಗೆ ನಿಲ್ಲುತ್ತಾನೆ, ಮಗ ಕಸ ಗುಡಿಸಿ ಪಾತ್ರೆ ತೊಳೆಯುತ್ತಾನೆ, ಕೊನೆಗೆ ಎಲ್ಲರೂ ಅವನನ್ನು ಜಾಣನೆಂದು ಹೊಗಳುತ್ತಾರೆ. ಮನೆಗೆಲಸ ಹೆಂಗಸರದಷ್ಟೇ ಅಲ್ಲವೆಂದು ಮಕ್ಕಳಿಗೆ ಮನದಟ್ಟು ಮಾಡಲೆಂದೇ ಬರೆದ ಕಥೆ. ಎಲ್ಲವನ್ನೂ ಕೇಳಿದ ಹುಡುಗ, “ದೊಡ್ಡಮ್ಮಾ, ಈ ಅಕ್ಕಾನೂ ಕೆಲಸ ಮಾಡ್ತಿದಾಳಲ್ಲ, ಅವಳನ್ಯಾಕೆ ಯಾರೂ ಜಾಣೆ ಅನ್ನಲಿಲ್ಲ?” ಎಂದು ಕೇಳಿದ. ಹೌದು, ಚಿತ್ರದ ಮೂಲೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. ಕಥೆಯ ಒಂದು ಸಾಲಿನಲ್ಲೂ ಅವಳಿರಲಿಲ್ಲ.

ಜಗತ್ತಿನಾದ್ಯಂತ 5ರಿಂದ 14 ವರ್ಷದ ಹೆಣ್ಣುಮಕ್ಕಳು ಅದೇ ವಯಸ್ಸಿನ ಹುಡುಗರಿಗಿಂತ ಶೇ 40ರಷ್ಟು ಹೆಚ್ಚು ಹೊತ್ತನ್ನು ಮನೆಗೆಲಸದಲ್ಲಿ ಕಳೆಯುತ್ತಾರೆಂದು ಯುನಿಸೆಫ್ 2016ರಲ್ಲಿ ಅಂದಾಜಿಸಿತ್ತು. 5ರಿಂದ 9ರ ವಯಸ್ಸಿನಲ್ಲಿ ಶೇ 30ರಷ್ಟಿರುವ ಈ ಅಂತರ 10 ದಾಟಿದವರಲ್ಲಿ ಶೇ 50ಕ್ಕೆ ಏರುತ್ತದೆ. ಅಂದರೆ ನಾವು ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳುವ ವಯಸ್ಸಿಗಾಗಲೇ ಕೆಲಸದ ಹಂಚಿಕೆ ಮುಗಿದಿರುತ್ತದೆ.

ಇಂಥ ಕಥೆಗಳ ಬಗ್ಗೆ ನನ್ನ ತಕರಾರಿರುವುದು ‘ಅಮ್ಮನಿಗೆ ಸಹಾಯ’ ಎಂಬ ಮಾತಿನಲ್ಲಿ. ಸಹಾಯವೆಂದೊಡನೆ ಕೆಲಸದ ಒಡೆತನ ಅಮ್ಮನಲ್ಲೇ ಉಳಿಯುತ್ತದೆ. ತಾನು ಉಂಡ ತಟ್ಟೆಯನ್ನು ತಾನೇ ತೊಳೆದ ಹುಡುಗ ಯಾರಿಗೋ ಉಪಕಾರ ಮಾಡಿದವನಾಗುತ್ತಾನೆ. ಅದಕ್ಕೊಂದು ಜ್ವರವೂ ಬೇಕು, ಏಕೆಂದರೆ ಅಮ್ಮ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗ ಅಪ್ಪ ಒಲೆಯ ಮುಂದೆ ನಿಲ್ಲುವುದನ್ನು ಲೇಖಕರಿಗೇ ಕಲ್ಪಿಸಿಕೊಳ್ಳಲು ಆಗುವುದಿಲ್ಲವೇನೋ. ನಿಂತರೂ ಅವನು ಪಾತ್ರೆಯ ತಳ ಹತ್ತಿಸಲೇಬೇಕು, ಮಕ್ಕಳು ನಗಲೇಬೇಕು. ಈ ನಗು ನನಗೆ ಬಹಳ ಬೇಸರ ತರಿಸುತ್ತದೆ: ಕಲಿತರೆ ಯಾರಿಗಾದರೂ ಬರುವ ಕೆಲಸವೊಂದನ್ನು ಗಂಡಸಿಗೆ ಹುಟ್ಟಿನಿಂದಲೇ ಒಗ್ಗದ್ದೆಂದು ಅದು ಸದ್ದಿಲ್ಲದೆ ಸಾಬೀತು ಮಾಡಿಬಿಡುತ್ತದೆ.

ಇನ್ನು, ಯಾವ ಚಿತ್ರಕ್ಕೂ ಸಿಗದ ಕೆಲಸವೊಂದಿದೆ. ಯಾವ ಡಬ್ಬಿ ಖಾಲಿಯಾಗಿದೆ, ಯಾರ ಅಂಗಿಯ ಗುಂಡಿ ಕಿತ್ತಿದೆ, ನಾಳೆ ಶಾಲೆಗೆ ಏನು ಒಯ್ಯಬೇಕು ಎಂದು ನೆನಪಿಟ್ಟುಕೊಳ್ಳುವ ಕೆಲಸ. ಹೇಳಿದ್ದನ್ನು ಮಾಡುವ ಮಗನನ್ನು ಈ ಕಥೆಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ಯಾರೂ ಹೇಳದೆಯೇ ಡಬ್ಬಿಯ ಮುಚ್ಚಳ ತೆಗೆದು ನೋಡುವ ಮಗ ಇನ್ನೂ ಸಿಕ್ಕಿಲ್ಲ.

ನಿನ್ನೆ ಅದೇ ಪುಸ್ತಕ ಓದುವಾಗ ಅಕ್ಕನಿಗಾಗಿ ನಾನೇ ಒಂದು ಸಾಲು ಸೇರಿಸಿ ಹೇಳಿದೆ. ಹುಡುಗ ಒಪ್ಪಲಿಲ್ಲ. “ಪುಸ್ತಕದಲ್ಲಿ ಹಾಗಿಲ್ಲ” ಎಂದು ಪುಟದ ಮೇಲೆ ಬೆರಳಿಟ್ಟು ತೋರಿಸಿದ.