'ಇಟ್ಸ್ ಎ ವಂಡರ್‌ಫುಲ್ ಲೈಫ್'ಗೆ ಬಣ್ಣ ಹಚ್ಚಿದ್ದು ಸರಿಯೇ?

ಪರ

'ಇಟ್ಸ್ ಎ ವಂಡರ್‌ಫುಲ್ ಲೈಫ್' ಅಮೆರಿಕದ ಹಳೆಯ ಕಪ್ಪು-ಬಿಳುಪು ಚಿತ್ರ. ಅದಕ್ಕೆ ಬಣ್ಣ ಹಚ್ಚುವವರು ಮೂಲ ನೆಗೆಟಿವ್ ಮುಟ್ಟುವುದೇ ಇಲ್ಲ. ಸಿಕ್ಕಿದ್ದರಲ್ಲಿ ಒಳ್ಳೆಯ ಪ್ರತಿಯನ್ನು ಸ್ಕ್ಯಾನ್ ಮಾಡಿ, ಗೀರು-ದೂಳು ತೆಗೆದು, ಆ ಡಿಜಿಟಲ್ ಪ್ರತಿಯ ಮೇಲೆ ಕೆಲಸ ಮಾಡುತ್ತಾರೆ. 130 ನಿಮಿಷದ ಚಿತ್ರ, ಸೆಕೆಂಡಿಗೆ 24 ಫ್ರೇಮ್ ಎಂದರೆ 1,87,200 ಫ್ರೇಮ್ ಆಯಿತು. ಅಷ್ಟನ್ನೂ ಕೈಯಲ್ಲಿ ಬಳಿಯುವುದಿಲ್ಲ. ಪ್ರತಿ ಶಾಟಿಗೆ ಒಂದೆರಡು ಕೀ ಫ್ರೇಮ್, ಅಂದರೆ ಮಾದರಿ ಫ್ರೇಮ್ ಆರಿಸಿ, ಮುಖ, ಕೂದಲು, ಕೋಟು, ಗೋಡೆಗೆ ಬೇರೆ ಬೇರೆ ಮಾಸ್ಕ್ (ಬಣ್ಣ ಆ ಭಾಗದ ಅಂಚು ದಾಟದಂತೆ ಹಾಕುವ ಗೆರೆ) ಮಾಡಿ ಬಣ್ಣ ಕೊಡುತ್ತಾರೆ. ಚಲನೆಯ ಜಾಡು ಹಿಡಿದು ಉಳಿದ ಫ್ರೇಮುಗಳಿಗೆ ಸಾಫ್ಟ್‌ವೇರ್ ಅದನ್ನು ಒಯ್ಯುತ್ತದೆ. ಕೂದಲಂಚು, ಹೊಗೆ, ಒಬ್ಬರ ಮುಂದೆ ಇನ್ನೊಬ್ಬರು ಹಾದುಹೋಗುವ ಜಾಗ, ಇಲ್ಲೆಲ್ಲ ಅದು ಎಡವುತ್ತದೆ. ಆಗ ಮನುಷ್ಯ ಕೂತು ತಿದ್ದಬೇಕು. 1986ರಲ್ಲಿ ಮೊದಲು ಬಣ್ಣ ಹಚ್ಚಿದ ಪ್ರತಿ ಕಳಪೆ, ಒಪ್ಪೋಣ. ಅದು ಹಳೆಯ ಟಿವಿಗೆಂದು ವಿಡಿಯೊದಲ್ಲಿ ಮಾಡಿದ್ದು. 2007ರ ಡಿಜಿಟಲ್ ಪ್ರತಿಗೂ ಅದಕ್ಕೂ ಹೋಲಿಕೆ ಸಲ್ಲದು.

ಶುದ್ಧತೆಯ ಮಾತಾಡುವವರು ಈ ಚಿತ್ರ ಬದುಕಿದ ಬಗೆಯನ್ನೂ ನೆನಪಿಡಬೇಕು. 1946ರಲ್ಲಿ ತೆರೆಕಂಡಾಗ ಹಾಕಿದ ದುಡ್ಡೂ ಪೂರ್ತಿ ಬರಲಿಲ್ಲ. 1974ರಲ್ಲಿ ಕಾಪಿರೈಟ್ ನವೀಕರಣ ತಪ್ಪಿಹೋದ ಮೇಲೆ ಅಮೆರಿಕದ ಟಿವಿ ಕೇಂದ್ರಗಳು ಪುಕ್ಕಟೆ ಪ್ರಸಾರ ಮಾಡತೊಡಗಿದವು. ಸಣ್ಣ ಪರದೆಯಲ್ಲಿ, ಜಾಹೀರಾತುಗಳ ನಡುವೆ ನೋಡಿಯೇ ಜನ ಇದನ್ನು ಕ್ರಿಸ್ಮಸ್ ಚಿತ್ರ ಮಾಡಿಕೊಂಡರು. ನಮ್ಮಲ್ಲೂ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತೊಟ್ಟೇ ಮತ್ತೆ ಥಿಯೇಟರಿಗೆ ಬಂದವು. ಕಪ್ಪು-ಬಿಳುಪು ಎಂದೊಡನೆ ಚಾನೆಲ್ ಬದಲಿಸುವ ಹುಡುಗನನ್ನು ಚಿತ್ರದ ನಾಯಕ ಜಾರ್ಜ್ ಬೇಲಿಯ ಮನೆಯೊಳಗೆ ಕರೆತರಲು ಇದೊಂದು ಬಾಗಿಲು, ಅಷ್ಟೆ.

ವಿರೋಧ

ನೆಗೆಟಿವ್ ಕ್ಷೇಮವಾಗಿದೆ, ಸರಿ. ಬಾಗಿಲು ದಾಟಿ ಬಂದ ಹುಡುಗ ನೋಡುವುದೇನು?

ಈ ವಿಧಾನದಲ್ಲಿ ಬೆಳಕಿನ ಪ್ರಮಾಣ ಹಳೆಯ ಚಿತ್ರದ್ದು, ವರ್ಣ ಮಾತ್ರ ಹೊಸದು. ಹಾಗಾಗಿ ಕಡುಕಪ್ಪಿಗೂ ಅಚ್ಚಬಿಳಿಗೂ ಬಣ್ಣ ಹಿಡಿಯುವುದೇ ಇಲ್ಲ. ಗಾಢ ಬೂದಿಗೆ ಹಳದಿ ಕೊಟ್ಟರೆ ಕಂದಾಗುತ್ತದೆ. ಸೆಟ್ಟಿನಲ್ಲಿ ಯಾವ ಬಣ್ಣವಿತ್ತು ಎನ್ನುವುದಕ್ಕಿಂತ ಆ ಬೂದಿ ಯಾವ ಬಣ್ಣ ತಾಳಿಕೊಳ್ಳುತ್ತದೆ ಎಂಬುದೇ ಮುಖ್ಯವಾಗಿಬಿಡುತ್ತದೆ.

ಹಿಮವನ್ನೇ ನೋಡಿ. ಕ್ಯಾಲಿಫೋರ್ನಿಯಾದ ಎನ್ಸಿನೊದಲ್ಲಿದ್ದ ಆರ್‌ಕೆಒ ಸ್ಟುಡಿಯೊದ ಹೊರಾಂಗಣ ಜಾಗವಾದ ಆರ್‌ಕೆಒ ರಾಂಚಿನಲ್ಲಿ ಬೇಸಿಗೆ ಬಿಸಿಲಿನಲ್ಲಿ ಸೃಷ್ಟಿಸಿದ ಹಿಮ ಅದು. ಈ ಚಿತ್ರಕ್ಕೂ ಮುಂಚೆ ಸಿನಿಮಾಗಳಲ್ಲಿ ಹಿಮಕ್ಕೆಂದು ಬಿಳಿ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ಕಾಲಿಟ್ಟರೆ ಕರಕರ ಸದ್ದು, ಮಾತನ್ನು ಆಮೇಲೆ ಡಬ್ ಮಾಡಬೇಕಿತ್ತು. ಈ ಚಿತ್ರಕ್ಕೆ ಬೆಂಕಿ ಆರಿಸುವ ನೊರೆ, ಸೋಪು, ನೀರು ಬೆರೆಸಿ ಗಾಳಿಯಂತ್ರದಿಂದ ಹಾರಿಸಿದರು. ಸ್ಥಳದಲ್ಲೇ ಧ್ವನಿಮುದ್ರಣ ಸಾಧ್ಯವಾಯಿತು. ಆಸ್ಕರ್ ಕೊಡುವ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂತು. ಕಪ್ಪು-ಬಿಳುಪಿನಲ್ಲಿ ಆ ಬಿಳಿ ನೊರೆ ಹಿಮವೇ. ಪಕ್ಕದ ಕೋಟಿಗೂ ಕೆನ್ನೆಗೂ ಬಣ್ಣ ಬಂದೊಡನೆ ನೊರೆ ನೊರೆಯಾಗಿಯೇ ಕಾಣುತ್ತದೆ. ನೀಲಿ ಛಾಯೆ ಕೊಟ್ಟು ಮುಚ್ಚೋಣವೆಂದರೆ ಹೆಗಲ ಮೇಲೆ ಬಿದ್ದ ಪ್ರತಿ ಚೂರಿಗೂ ಬೇರೆ ಮಾಸ್ಕ್ ಬೇಕು.

ಮಾರ್ಟಿನಿ ಎಂಬಾತನ ಬಾರಿನಲ್ಲಿ ಜಾರ್ಜ್ ಪಾತ್ರದ ಜೇಮ್ಸ್ ಸ್ಟೂವರ್ಟ್ ಪ್ರಾರ್ಥಿಸುತ್ತಾ ಅಳುವ ದೃಶ್ಯ ಇನ್ನೂ ಕಷ್ಟದ್ದು. ಅಳು ತಾನಾಗಿ ಬಂದಾಗ ಕ್ಯಾಮೆರಾ ದೂರದಲ್ಲಿತ್ತು. ನಿರ್ದೇಶಕ ಫ್ರಾಂಕ್ ಕಾಪ್ರಾ ಆ ಶಾಟನ್ನು ಲ್ಯಾಬಿನಲ್ಲಿ ಫ್ರೇಮ್ ಫ್ರೇಮಾಗಿ ಹಿಗ್ಗಿಸಿದರು ಎಂದು ಸ್ಟೂವರ್ಟರೇ ಹೇಳಿಕೊಂಡಿದ್ದಾರೆ. ಹಿಗ್ಗಿಸಿದರೆ ಗ್ರೇನೂ, ಅಂದರೆ ಫಿಲ್ಮಿನ ಕಣಗಳೂ ಹಿಗ್ಗುತ್ತವೆ. ಮಾಸ್ಕಿನ ಬಣ್ಣ ಅಲುಗದೆ ಕೂತಿರುತ್ತದೆ, ಅದರಡಿಯಲ್ಲಿ ಗ್ರೇನ್ ಕುದಿಯುತ್ತಿರುತ್ತದೆ. ಮುಖಕ್ಕೆ ಮೇಣದ ಗೊಂಬೆಯ ಕಳೆ.

ಬೇಡದವರು ಟಿವಿಯ ಕಲರ್ ಕಡಿಮೆ ಮಾಡಿ ನೋಡಲಿ ಎನ್ನುವ ವಾದ ಎಂಬತ್ತರ ದಶಕದ್ದು, ಈಗಲೂ ಕೇಳಿಬರುತ್ತದೆ. ಆದರೆ ಬಣ್ಣ ಹಿಡಿಯಲೆಂದು ಕಪ್ಪನ್ನು ಸ್ವಲ್ಪ ಎತ್ತಿ, ಬಿಳಿಯನ್ನು ಇಳಿಸಿ ಕಾಂಟ್ರಾಸ್ಟನ್ನು ಮೊದಲೇ ಸಪ್ಪೆ ಮಾಡಿದ್ದರೆ, ಕಲರ್ ಸೊನ್ನೆಗೆ ತಂದರೂ ಜಾರ್ಜ್ ಹುಟ್ಟದೇ ಇದ್ದಿದ್ದರೆ ಅವನ ಊರು ಆಗುತ್ತಿದ್ದ ಪಾಟರ್ಸ್‌ವಿಲ್ಲಿನ ಆ ಕತ್ತಲು ವಾಪಸ್ ಬರುವುದಿಲ್ಲ.